ಫ್ರಿಜ್ ಕುವೈತಿನಿಂದ ಬರುತ್ತಿದೆ

ಅಲೆಕ್ಸಾಂಡ್ರಿಯಾ
14 ಮಾರ್ಚ್ 2013

ಪ್ರೀತಿಯ ಬಹೀಗಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರ ಕಾಗದವೆಂದು ನಿನಗೆ ಗೊತ್ತಾಗಿರುತ್ತದೆ. ಹರಿದುಹಾಕಬೇಡ ಕಣೇ. ಹರಿಯಲೇಬೇಕು ಅನ್ನಿಸಿದರೆ ಓದಿ ಹರಿ. ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಈಗೇನು ಬಂತು ಅಂತ ಕೇಳುತ್ತೀಯ. ಬಂದದ್ದನ್ನೇ ಹೇಳುತ್ತೇನೆ.

ಕಳೆದ ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಮಿನಿಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಶಾಲೆಯ ಹುಡುಗಿಯೊಬ್ಬಳು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಪಾಠ ಉರುಹೊಡೆಯುತ್ತಿದ್ದಳು. ತೊಡೆಯ ಮೇಲೆ ಮಾಸಿದ ಜೆರಾಕ್ಸ್ ಹಾಳೆಗಳು. ಅವಳ ಬಾಯಿಂದ ಬಂದದ್ದು ನನ್ನ ವಾಕ್ಯ. "ನಮ್ಮ ಬೀದಿಯ ಅಂಚೆಯವನಿಗೆ ಮಗಳ ಮದುವೆಗೆ ಫ್ರಿಜ್ ಅಫೋರ್ಡ್ ಮಾಡಲು ಆಗುವುದಿಲ್ಲ. ಕುವೈತಿನಿಂದ ಬರುತ್ತಿದೆ ಎಂದು ಹೇಳುತ್ತಾನೆ." ಇದೆಲ್ಲಿ ಸಿಕ್ಕಿತಮ್ಮಾ ಅಂತ ಕೇಳಿದೆ. "ನಮ್ಮ ಟ್ಯೂಷನ್ ಮಿಸ್ ಕೊಟ್ಟಿದ್ದು ಅಜ್ಜಿ. ಇದೊಂದು ವಾಕ್ಯ ಮಾತ್ರ ಮರೆತೇ ಹೋಗಲ್ಲ, ಪಾಪ ಅಂಚೆಯವನು" ಅಂದು ನಕ್ಕಳು. ಡಾಕ್ಟರ ಹತ್ತಿರ ಹೋಗದೆ ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಅದು ಒಮ್ಮೆಯಾದರೂ ನನ್ನ ಕೈಯಿಂದ ಬರಬೇಕು.

ಆಗ ಫುವ್ವಾದಲ್ಲಿ ಸೆಕೆಂಡರಿ ಪರೀಕ್ಷೆಗೆ ಕೂರುವ ಅರ್ಧ ಊರಿನ ಮಕ್ಕಳು ನನ್ನ ಮನೆಗೆ ಇಂಗ್ಲಿಷ್ ಪಾಠಕ್ಕೆ ಬರುತ್ತಿದ್ದವು. ಪದದ ಅರ್ಥ ಬರೆಸಿದರೆ ಮರುದಿನಕ್ಕೆ ಮರೆಯುತ್ತಿದ್ದವು. ಊರಿನವರನ್ನೇ ವಾಕ್ಯದೊಳಗೆ ಕೂರಿಸಿದರೆ ಮರೆಯುತ್ತಿರಲಿಲ್ಲ. ಚೌಕಾಸಿ ಅನ್ನುವ ಪದಕ್ಕೆ ಮೀನು ಮಾರುವ ಉಮ್ಮು ಸಾಬಿರ್. ಎರವಲಿಗೆ ನನ್ನ ಗಂಡ, ಮಸೀದಿಯ ಏಣಿ ತಂದು ಹಿಂದಿರುಗಿಸದವನು. ಉದಾರಿ ಅನ್ನುವ ಪದಕ್ಕೆ ನೀನು. "ಬಹೀಗಾ ತನ್ನ ಪಾಲಿನ ಬಸ್ಬೂಸಾ ಸಿಹಿಯನ್ನೂ ನೆರೆಮನೆಗೆ ಕೊಡುತ್ತಾಳೆ." ನೀನು ಬಿದ್ದು ಬಿದ್ದು ನಕ್ಕಿದ್ದೆ. "ಅಯ್ಯೋ, ಇನ್ನು ಊರೆಲ್ಲ ತಟ್ಟೆ ಹಿಡ್ಕೊಂಡು ಬರುತ್ತೆ ಬಿಡು" ಅಂದಿದ್ದೆ. ನಾನು ಮಕ್ಕಳಿಗೆ ಬರೆದು ಹಂಚುತ್ತಿದ್ದ ಆ ಪುಸ್ತಿಕೆಯಲ್ಲಿ ಹೆಸರು ಬಂದರೆ ಜನ ಹೆಮ್ಮೆಪಡುತ್ತಿದ್ದರು. ನನಗೂ ಜಂಬ ತಲೆಗೇರಿತ್ತು.

ನಿನ್ನ ಮಗಳು ಅಬೀರಳ ನಿಶ್ಚಿತಾರ್ಥ ಆಗಿತ್ತು. ಪಕ್ಕದೂರು ದಸೂಕಿನ ಹುಡುಗ, ಒಳ್ಳೆಯ ಮನೆ. ಅವರು ಫ್ಲ್ಯಾಟು, ಮಂಚ ನೋಡಿಕೊಂಡರೆ ಅಡುಗೆಮನೆ ನಿಮ್ಮದು ಅಂತ ಮಾತಾಗಿತ್ತು. ಎಲ್ಲವನ್ನೂ ಒಂದೊಂದಾಗಿ ಜೋಡಿಸಿದಿರಿ. ಗಾಜಿನ ಕಪಾಟಿಗೆ ಪಿಂಗಾಣಿ ಸೆಟ್ ಕೂಡ ಬಂತು. ಫ್ರಿಜ್ ಮಾತ್ರ ಬರಲಿಲ್ಲ. ನಿನ್ನ ಯಜಮಾನರು ಶಹಾತಾ ಅಣ್ಣ ಬೀಗರ ಮುಂದೆ ಹೇಳಿಬಿಟ್ಟಿದ್ದರು: ಕುವೈತಿನಲ್ಲಿರುವ ನನ್ನ ತಮ್ಮ ಕಳಿಸುತ್ತಾನೆ.

ಆ ಮಧ್ಯಾಹ್ನ ನೀನು ನಮ್ಮ ಮನೆಯ ಚಾಪೆಯ ಮೇಲೆ ಕೂತು ಚಹಾ ಆರಲು ಬಿಟ್ಟೆಯೇ ಹೊರತು ಕುಡಿಯಲಿಲ್ಲ. "ಕುವೈತೂ ಇಲ್ಲ, ಮಣ್ಣೂ ಇಲ್ಲ ಸಫಿನಾಜ್. ಊರಿಗೆಲ್ಲ ಕಾಗದ ಹಂಚೋ ಮನುಷ್ಯ, ತಮ್ಮನ ಕಾಗದ ಬಂದು ಎರಡು ವರ್ಷ ಆಯ್ತು" ಅಂದೆ. ಆಮೇಲೆ ತಲೆ ತಗ್ಗಿಸಿ ಫ್ರಿಜ್ಜಿಗೆ ಸಾಲ ಕೇಳಿದೆ. ಜೀವನದಲ್ಲಿ ನನ್ನನ್ನು ಏನಾದರೂ ಕೇಳಿದ್ದರೆ ಅದೊಂದೇ ಸಲ.

ನಾನು ಇಲ್ಲವೆನ್ನಲು ನಮ್ಮ ಭಾಷೆಯಲ್ಲೊಂದು ಮಾತು ಹುಡುಕಿದೆ, ಸಿಗಲಿಲ್ಲ. ನಮ್ಮಲ್ಲಿ ಯಾರು ಅದನ್ನು ನೇರವಾಗಿ ಹೇಳುತ್ತಾರೆ? ಆ ಬಣ್ಣ ಹಿಡಿಸಲಿಲ್ಲ ಅನ್ನುತ್ತೇವೆ, ಹಬ್ಬ ಕಳೆಯಲಿ ಅನ್ನುತ್ತೇವೆ, ಕುವೈತಿನಿಂದ ಬರುತ್ತಿದೆ ಅನ್ನುತ್ತೇವೆ. ಅದಕ್ಕೇ ಇಂಗ್ಲಿಷಿನ ಮೊರೆಹೋದೆ. ನನಗೆ ಅಫೋರ್ಡ್ ಮಾಡೋಕಾಗಲ್ಲ ಕಣೇ ಅಂದೆ. ಹಾಗಂದರೇನು ಅಂತ ನೀನು ಕೇಳಿದಾಗ, ನಾಚಿಕೆಗೆಟ್ಟವಳು, ಪಾಠವನ್ನೇ ಮಾಡಿದೆ. ಕೈಯಲ್ಲಿ ದುಡ್ಡಿದ್ದರೆ ಮಾತ್ರ ಸಾಲದು, ಅದನ್ನು ತೆಗೆದುಕೊಟ್ಟ ಮೇಲೂ ಮನೆ ನಡೆಯಬೇಕು, ಹಾಗಿದ್ದರೆ ಮಾತ್ರ ಈ ಪದ ಹೊಂದುತ್ತದೆ ಅಂದೆ. ನೀನು ಒಪ್ಪಿಕೊಂಡೆ. "ಸರಿ ಬಿಡು, ನಿಂಗೂ ಎರಡು ಮಕ್ಕಳಿವೆ, ನಾನು ಕೇಳಬಾರದಿತ್ತು" ಅಂತ ನೀನೇ ನನಗೆ ಸಮಾಧಾನ ಹೇಳಿ ಎದ್ದೆ.

ಆ ವಾರವೇ ನಮ್ಮ ಮನೆಗೆ ಜೆರಾಕ್ಸ್ ಯಂತ್ರ ಬಂತು, ನೆನಪಿದೆಯಲ್ಲ? ಭಾವ ಅಲೆಕ್ಸಾಂಡ್ರಿಯಾದಿಂದ ಕಳಿಸಿದ್ದು ಅಂತ ಬೀದಿಗೆಲ್ಲ ಹೇಳಿದ್ದೆ. ಹೊಸ ಪುಸ್ತಿಕೆಗೆ ಪದಗಳನ್ನು ಬರೆಯುತ್ತ ಕೂತೆ. ಆ ಪದ ಬಂದಾಗ ನಿನ್ನ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಬರೆದೆ. ಹೆಸರು ಹಾಕಿಲ್ಲವಲ್ಲ ಅಂದುಕೊಂಡೆ. ನಮ್ಮ ಬೀದಿಗೆ ಇದ್ದವನು ಒಬ್ಬನೇ ಅಂಚೆಯವನು! ಹುಡುಗನ ತಂಗಿ ಮಯಾದಾ ದಸೂಕಿನಿಂದ ನನ್ನ ಪಾಠಕ್ಕೆ ಬರುತ್ತಾಳೆ ಅನ್ನುವುದು ಹೊಳೆಯಲಿಲ್ಲ ಅಂತ ಇಲ್ಲಿ ಬರೆಯಲು ಹೊರಟಿದ್ದೆ. ಸುಳ್ಳು. ಹೊಳೆದಿತ್ತು. ಮಕ್ಕಳು ಅಷ್ಟೆಲ್ಲ ಎಲ್ಲಿ ಯೋಚಿಸುತ್ತವೆ ಅಂತ ಮುಂದಿನ ಪದಕ್ಕೆ ಹೋದೆ.

ಮಯಾದಾ ಮನೆಯಲ್ಲಿ ಗಟ್ಟಿಯಾಗಿ ಓದಿದಳು. ಅವಳ ತಾಯಿ ಬಂದು ನಿಮ್ಮ ಜಗಲಿಯಲ್ಲಿ ನಿಂತು ಹೇಳಿದ್ದು ಬೀದಿಗೆಲ್ಲ ಕೇಳಿಸಿತು. "ಫ್ರಿಜ್ ಇಲ್ಲ ಅಂದಿದ್ರೆ ಹೂಜಿ ನೀರು ಕುಡೀತಿದ್ವಿ. ಸುಳ್ಳು ಹೇಳೋ ಮನೆ ಹೆಣ್ಣು ಬೇಡ." ಅಬೀರ್ ಒಳಗಿನಿಂದ ಬಂದು ಬಳೆ, ಉಂಗುರ ಬಿಚ್ಚಿ ಆ ತಾಯಿಯ ಕೈಯಲ್ಲಿಟ್ಟಳು. ನಾನು ಕಿಟಕಿಯ ಹಿಂದೆ ನಿಂತು ನೋಡಿದೆ. ಕೆಳಗಿಳಿದು ಬಂದು, ಆ ಸುಳ್ಳಿನ ಹಿಂದೆ ಎಂಥ ಮರ್ಯಾದಸ್ಥ ಮನುಷ್ಯನಿದ್ದಾನೆ ಗೊತ್ತೇನ್ರೀ ಅಂತ ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ.

ಸಂಜೆ ನೀನು ಪುಸ್ತಿಕೆ ಹಿಡಿದು ನಮ್ಮ ಬಾಗಿಲಿಗೆ ಬಂದೆ. "ಇದು ನಿನ್ನ ಕೈಬರಹ ತಾನೆ?" ಅಂತ ಅಷ್ಟೇ ಕೇಳಿದೆ. "ಬರೀ ಉದಾಹರಣೆ ಕಣೇ" ಅಂದೆ ನಾನು. ನೀನು ಪುಸ್ತಿಕೆಯನ್ನು ಹೊಸ್ತಿಲ ಮೇಲಿಟ್ಟು ಹೋದೆ. ನೀನು ಬೈದಿದ್ದರೆ, ಕೂದಲು ಹಿಡಿದು ಎಳೆದಿದ್ದರೆ ಇಷ್ಟು ವರ್ಷ ನಾನು ಹೀಗೆ ಬೇಯುತ್ತಿರಲಿಲ್ಲ.

ಶಹಾತಾ ಅಣ್ಣ ಅದಕ್ಕೆ ಮೊದಲು ನಮ್ಮ ಕಾಗದ ತಂದಾಗಲೆಲ್ಲ ಕೆಳಗಿನಿಂದಲೇ ಕೂಗುತ್ತಿದ್ದರು, "ಟೀಚರ್ ಅಬ್ಲಾ! ಲಂಡನ್ನಿನ ರಾಣಿ ಕಾಗದ ಹಾಕಿದ್ದಾಳೆ, ಇಂಗ್ಲಿಷಲ್ಲಿ ಏನೋ ಅನುಮಾನವಂತೆ!" ಅದಾದ ಮೇಲೆ ಕೂಗದೆ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಿದ್ದರು. ಒಂದೇ ಒಂದು ಕಾಗದ ತಡವಾಗಲಿಲ್ಲ, ಒಂದೂ ಕಳೆಯಲಿಲ್ಲ. ಮಗನ ಜೊತೆ ಇಲ್ಲಿಗೆ ಬರುವವರೆಗೂ ಆರು ವರ್ಷ ಬಾಗಿಲ ಒಳಗೆ ನಿಂತು ಅವರ ಚಪ್ಪಲಿಯ ಸದ್ದು ಕೇಳಿದ್ದೇನೆ. ಒಂದು ದಿನವೂ ಬಾಗಿಲು ತೆರೆಯಲಿಲ್ಲ.

ಮುಂದಿನ ಪುಸ್ತಿಕೆಯಲ್ಲಿ ಆ ವಾಕ್ಯ ತೆಗೆದೆ. ಏನು ಬಂತು? ಹಳೆಯದು ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗಿ, ನೋಡು, ಸಮುದ್ರದ ದಡದವರೆಗೂ ಬಂದಿದೆ. ಎಲ್ಲೆಲ್ಲಿಂದ ಅಂತ ಹಿಂದಕ್ಕೆ ತರಿಸಲಿ?

ಅಬೀರ್ ತಂತಾದಲ್ಲಿ ಇದ್ದಾಳೆ, ಎರಡನೆಯ ಸಂಬಂಧಕ್ಕೆ ಕೊಟ್ಟಿರಿ ಅಂತ ಕಿವಿಗೆ ಬಿತ್ತು. ಸುಖವಾಗಿದ್ದಾಳೆಯೇ ಅಂತ ಕೇಳುವ ಹಕ್ಕು ನನಗಿಲ್ಲ. ಶಹಾತಾ ಅಣ್ಣನಿಗೆ ಈಗ ನಡೆಯಲು ಕಷ್ಟ ಅಂತಲೂ ಗೊತ್ತಾಯಿತು. ಅವರು ಇರುವಾಗಲೇ ಒಂದು ಸಲ ಬಂದು, ಅವರ ಮುಖ ನೋಡಿ, ತಪ್ಪು ನನ್ನದು ಅಂತ ಹೇಳಬೇಕು. ಬರಲೇ? ಬಾ ಅಂತ ಒಂದು ಸಾಲು ಬರೆ. ಬೇಡವೆಂದರೆ ಏನೂ ಬರೆಯಬೇಡ, ನನಗೆ ಅರ್ಥವಾಗುತ್ತದೆ.

ನಿನ್ನ ಬಸ್ಬೂಸಾದ ಋಣದವಳು,
ಸಫಿನಾಜ್

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿಮಗೆ ಕುವೈತಿನ ತಮ್ಮ ಇದ್ದ ಹಾಗೆ ನನಗೂ ಅಲೆಕ್ಸಾಂಡ್ರಿಯಾದ ಭಾವ ಇದ್ದರು. ಅವರು ಏನನ್ನೂ ಕಳಿಸಿರಲಿಲ್ಲ. ನೀನು ಕೇಳಿದ ಆ ಮಧ್ಯಾಹ್ನ ಫ್ರಿಜ್ಜಿಗೆ ಬೇಕಾದಷ್ಟು ಹಣ ನೀನು ಒರಗಿ ಕೂತಿದ್ದ ಕಪಾಟಿನಲ್ಲೇ ಇತ್ತು. ಕೊಟ್ಟಿದ್ದರೂ ನಮ್ಮ ಮನೆ ನಡೆಯುತ್ತಿತ್ತು. ಮೂರು ದಿನದ ಮೇಲೆ ಆ ಹಣದಲ್ಲೇ ಜೆರಾಕ್ಸ್ ಯಂತ್ರ ಕೊಂಡೆ. ಅದರಿಂದ ಹೊರಬಂದ ಮೊದಲ ಹಾಳೆ ನಿಮ್ಮ ಫ್ರಿಜ್ಜಿನದು. ಇದನ್ನು ಓದಿದ ಮೇಲೂ ಬಾ ಅನ್ನುವುದಾದರೆ ಮಾತ್ರ ಬರೆ.