ಸೋಪು ಮೆತ್ತಿದ ಟ್ಯಾಂಕು

ತಮ್ಮಾ,

ಬಚ್ಚಲಿನ ಸೋಪು ಎಲ್ಲಿಗೆ ಹೋಯಿತೆಂಬುದು ನಿನ್ನ ವ್ಯಾನಿನ ಕೆಳಗೆ ಬಗ್ಗಿದಾಗ ತಿಳಿಯಿತು. ಬಿರುಕು ಬಿಟ್ಟ ಪ್ಲಾಸ್ಟಿಕ್ ಪೆಟ್ರೋಲ್ ಟ್ಯಾಂಕಿಗೆ ಸೋಪು ಮೆತ್ತಿ, ‘ಇನ್ನೊಂದು ವಾರ ಓಡುತ್ತೆ ಬಿಡಕ್ಕ’ ಎನ್ನುವುದು ಜಾಣತನವಲ್ಲ, ಬೆಂಕಿಯೊಡನೆ ಸರಸ. ರಸ್ತೆಯಲ್ಲಿ ನಿನ್ನ ಹಿಂದೆ ಬರುವವರೂ ಮನುಷ್ಯರೇ.

ಟ್ಯಾಂಕು ಅಂಗಡಿಯಲ್ಲಿ ಸಿಗುತ್ತದೆ, ತಮ್ಮ ಸಿಗುವುದಿಲ್ಲ. ಆದ್ದರಿಂದ ಹೊಸದನ್ನು ಕೂರಿಸುವವರೆಗೆ ವ್ಯಾನಿನ ಕೀಲಿ ನನ್ನ ಬಳಿಯೇ ಇರುತ್ತದೆ. ಹುಡುಕಿ ಮನೆ ಕೆದರಬೇಡ. ಗ್ಯಾರೇಜಿನವರು ಬಂದು ಪೆಟ್ರೋಲ್ ಇಳಿಸುವಾಗ ಅವರಿಗೆ ಬುದ್ಧಿ ಹೇಳಬೇಡ, ಹತ್ತಿರ ನಿಂತು ಸಿಗರೇಟನ್ನಂತೂ ಹಚ್ಚಲೇಬೇಡ.

ಊಟ ಮುಚ್ಚಿಟ್ಟಿದ್ದೇನೆ. ನನ್ನ ಮೇಲಿನ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳದೆ ಉಣ್ಣು.

ಕೆಲಸಕ್ಕೆ ನನ್ನ ಸೈಕಲ್ಲನ್ನು ತೆಗೆದುಕೊಂಡು ಹೋಗು. ಸೀಟನ್ನು ನಿನ್ನ ಎತ್ತರಕ್ಕೆ ಏರಿಸಿದ್ದೇನೆ. ನಾನು ಶಾಲೆಗೆ ನಡೆದುಕೊಂಡೇ ಹೊರಟೆ.

— ಅಕ್ಕ