ಕಲಿಸದ ಪಾಠಕ್ಕೆ ನನ್ನ ರುಜು

ಮಾನ್ಯ ಕಾರ್ಮಿಕ ಸುರಕ್ಷತಾ ಅಧಿಕಾರಿಗಳೇ,

ತಾವು ನನಗೆ ಕಣ್ಣಿನ ರಕ್ಷಣೆಯ ಬಗ್ಗೆ ಎರಡು ಗಂಟೆ ಪಾಠ ಹೇಳಿದ್ದೀರಂತೆ. ಕೊನೆಯಲ್ಲಿ ಒಂದು ರಕ್ಷಣಾ ಕನ್ನಡಕವನ್ನೂ ಕೊಟ್ಟಿದ್ದೀರಂತೆ. ತಮ್ಮ ತನಿಖಾ ವರದಿ ಹಾಗೆನ್ನುತ್ತದೆ, ಜೊತೆಗಿರುವ ಪಟ್ಟಿಯಲ್ಲಿ ನನ್ನ ರುಜುವೂ ಇದೆ. ಇಷ್ಟೆಲ್ಲ ಉಪಕಾರ ಪಡೆದವನಿಗೆ ಅದರಲ್ಲಿ ಒಂದೂ ನೆನಪಿಲ್ಲವೆಂದರೆ, ಒಂದೋ ನನಗೆ ಅರಳುಮರಳು, ಇಲ್ಲವೇ ಆ ಪಾಠ ನಡೆದದ್ದು ಕಾಗದದ ಮೇಲೆ ಮಾತ್ರ. ನನಗಿನ್ನೂ ನಲವತ್ತೊಂಬತ್ತು.

ನಾನು ಗಾಡಿಗಳ ನೆಗ್ಗಿದ ತಗಡನ್ನು ಬಡಿದು ನೇರ ಮಾಡುವ ಟಿಂಕರ್. ಅದೇ ಗ್ಯಾರೇಜಿನಲ್ಲಿ ನನ್ನ ತಂಗಿಯ ಗಂಡ ಮೆಕ್ಯಾನಿಕ್. ಗಾಡಿಯಡಿ ಮಲಗಿದರೆ ಏನಾದರೂ ಗುನುಗುತ್ತಲೇ ಇರುವವನು, ಹಾಗಾಗಿ ಬೀದಿಗೆಲ್ಲ ಗುನುಗಪ್ಪ. ಎರಡು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ವ್ಯಾನೊಂದರ ಸೈಲೆನ್ಸರಿನ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸ್ಪ್ಯಾನರಿಗೆ ಜಗ್ಗಲಿಲ್ಲವೆಂದು ಅವನು ಗ್ರೈಂಡರ್ ಹಚ್ಚಿದ. ಸ್ವಲ್ಪ ಹೊತ್ತಿಗೆ ಗುನುಗು ನಿಂತಿತು. ಹೊರಗೆ ಜಾರಿ ಬಂದು, ಎಡಗಣ್ಣು ಮುಚ್ಚಿಕೊಂಡು, "ಭಾವ, ಕಣ್ಣಲ್ಲಿ ಏನೋ ಬಿತ್ತು, ಸ್ವಲ್ಪ ನೋಡಿ" ಅಂದ.

ನಮ್ಮ ಬೀದಿಯಲ್ಲಿ ಇದು ವಾರಕ್ಕೊಮ್ಮೆ ಇದ್ದದ್ದೇ. ಚೂರು ತೆಗೆಯುವುದರಲ್ಲಿ ನನ್ನದು ಎತ್ತಿದ ಕೈ ಎಂದು ಎಲ್ಲರೂ ನನ್ನ ಬಳಿಗೇ ಬರುತ್ತಾರೆ. ರೆಪ್ಪೆ ಎತ್ತಿ, ಕರವಸ್ತ್ರದ ತುದಿ ಹೊಸೆದು ತೆಗೆಯಲು ಹೋದೆ. ಬರಲಿಲ್ಲ. ಇನ್ನೊಮ್ಮೆ ಒತ್ತಿ ಒರೆಸಿದೆ. "ಅಲ್ಲಾಡಬೇಡಪ್ಪ" ಎಂದು ಗದರಿದೆ. ಪಾಪ, ಅವನು ಅಲ್ಲಾಡಲಿಲ್ಲ.

ಸಂಜೆ ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದರು: "ಚೂರು ಒಳಕ್ಕೆ ಇಳಿದಿದೆ. ಇದನ್ನ ಒರೆಸಿದ್ದು ಯಾರು?" ನಾನು ಕರವಸ್ತ್ರವನ್ನು ಕಿಸೆಯೊಳಕ್ಕೆ ತುರುಕಿದೆ. ಗುನುಗಪ್ಪನೇ, "ನಾನೇ ಉಜ್ಜಿಕೊಂಡೆ ಮೇಡಂ" ಅಂದುಬಿಟ್ಟ. ಆ ಕಣ್ಣಿಗೆ ಈಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ. ಕೆಲಸಕ್ಕೇನೋ ಮರಳಿದ್ದಾನೆ. ಆದರೆ ಒಂದೇ ಕಣ್ಣಿಗೆ ದೂರದ ಅಂದಾಜು ಸಿಗದು, ಸ್ಪ್ಯಾನರು ಬೋಲ್ಟಿನ ಪಕ್ಕದ ಗಾಳಿಯನ್ನು ಹಿಡಿಯುತ್ತದೆ.

ತಂಗಿಗೆ ನಿಜ ಹೇಳಲು ನನಗೆ ಹನ್ನೊಂದು ದಿನ ಬೇಕಾಯಿತು. ಅವಳು ಬಟ್ಟೆ ಮಡಿಸುತ್ತಿದ್ದಳು. "ಮುಟ್ಟಬಾರದು ಅಂತ ಗೊತ್ತಿತ್ತಾ ಅಣ್ಣ?" ಎಂದು ಅದೊಂದನ್ನೇ ಕೇಳಿದಳು. ಇಲ್ಲವೆಂದೆ. ನಂಬಿದಳು. ಕಾಫಿ ಕೂಡ ಕೊಟ್ಟಳು.

ಆಮೇಲೆ ತಂಗಿಯ ಮನೆಗೆ ಬಂತು ತಮ್ಮ ವರದಿ. "ಕಣ್ಣಿಗೆ ಚೂರು ಬಿದ್ದಾಗ ಮುಟ್ಟದೆ ಆಸ್ಪತ್ರೆಗೆ ಧಾವಿಸಬೇಕೆಂದು ಈ ಗ್ಯಾರೇಜಿನ ಎಲ್ಲ ಕಾರ್ಮಿಕರಿಗೂ ತಿಳಿಹೇಳಲಾಗಿದೆ, ಕನ್ನಡಕ ವಿತರಿಸಲಾಗಿದೆ, ಘಟನೆಗೆ ಕಾರ್ಮಿಕನ ಅಜಾಗರೂಕತೆಯೇ ಕಾರಣ." ತಂಗಿ ಪಟ್ಟಿಯ ಮೇಲೆ ಬೆರಳಿಟ್ಟು, "ಇದು ನಿನ್ನ ರುಜು ತಾನೇ?" ಅಂದಳು. ನನ್ನದೇ. ಅಂದಿನಿಂದ ಅವಳು ನನ್ನೊಂದಿಗೆ ಮಾತಾಡುವುದು ಗೋಡೆ ನೋಡಿಕೊಂಡು.

ಆ ರುಜುವಿನ ಕಥೆ ತಮಗೆ ಗೊತ್ತಿಲ್ಲವೆಂದು ನಂಬಲು ನನಗೆ ಕಷ್ಟವಾಗುತ್ತಿದೆ. ಆರು ತಿಂಗಳ ಹಿಂದೆ ತಮ್ಮ ಕಚೇರಿಯವರೊಬ್ಬರು ನಮ್ಮ ಬೀದಿಗೆ ಬಂದು, "ಹೊಸ ಗುರುತಿನ ಚೀಟಿ ಬರುತ್ತೆ, ಇಲ್ಲೊಂದು ಸೈನ್ ಹಾಕಿ" ಅಂದರು. ಹಾಳೆಯ ತಲೆಭಾಗವನ್ನು ಹಿಂದಕ್ಕೆ ಮಡಿಸಿದ್ದರು. ಗುರುತಿನ ಚೀಟಿಯ ಹಾಳೆಗೆ ಮುಖ ಮರೆಸಿಕೊಳ್ಳುವ ನಾಚಿಕೆ ಯಾಕೆ? ಒಂದು ಕನ್ನಡಕವನ್ನೂ ತಂದಿದ್ದರು. ಸರದಿಯಲ್ಲಿ ಹಾಕಿಸಿ, ಫೋಟೋ ಹಿಡಿದು, ಮತ್ತೆ ಕಿಸೆಗೆ ಇಳಿಸಿದರು. ತಮ್ಮ ಕಡತದ ಫೋಟೋಗಳನ್ನು ತಾವೇ ನೋಡಿ: ಬೀದಿಯ ಎಲ್ಲ ಗ್ಯಾರೇಜುಗಳ ಮೂವತ್ತೆರಡು ಮುಖಗಳು, ಎಲ್ಲದರಲ್ಲೂ ಬಲಗಾಜಿನ ಮೂಲೆಗೆ ಅಂಟಿದ ಅದೇ ಹರಿದ ಚೀಟಿ. ಇಪ್ಪತ್ತು ಹೆಜ್ಜೆಯೊಳಗೆ ಮುಗಿಯುವ ನಮ್ಮ ಗ್ಯಾರೇಜಿಗೆ ಒಬ್ಬರೂ ಕಾಲಿಡದೆ ತನಿಖೆ ಮುಗಿಯಿತಲ್ಲ, ಅದು ಯಾವ ವಿದ್ಯೆ?

ನಮ್ಮ ತಪ್ಪೇನೂ ಇಲ್ಲವೆನ್ನುವುದಿಲ್ಲ. ಸ್ವಂತ ದುಡ್ಡಿನಲ್ಲಿ ಕನ್ನಡಕ ಕೊಂಡು ಹಾಕಿದವನನ್ನು "ಏನು ಮದುಮಗನೇ" ಎಂದು ಆಡಿಕೊಂಡವರು ನಾವೇ. ಬೆವರಿಗೆ ಗಾಜು ಮಸುಕಾಗುತ್ತದೆ, ಕಿವಿ ಉರಿಯುತ್ತದೆ ಎಂದು ನೆಪ ಹೇಳಿದವರೂ ನಾವೇ. ಈಗ ಗುನುಗಪ್ಪನ ಕಣ್ಣು ನೋಡಿ ನಾವೂ ಕೊಂಡು ಹಾಕಿಕೊಳ್ಳುತ್ತೇವೆ. ಆದರೆ ನಮ್ಮ ಈ ಬುದ್ಧಿಯನ್ನು ತಿದ್ದುವುದಕ್ಕೇ ಅಲ್ಲವೇ ತಮ್ಮ ಹುದ್ದೆ ಇರುವುದು?

ಪಾಠ ನಡೆದದ್ದೇ ಆದರೆ, ಮುಟ್ಟಬಾರದೆಂದು ತಿಳಿದೂ ಮುಟ್ಟಿದ ಪಾಪಿ ನಾನು. ನನ್ನ ಮೇಲೆ ದೂರು ದಾಖಲಿಸಿ. ನಡೆದಿಲ್ಲವಾದರೆ ವರದಿ ಹಿಂಪಡೆಯಿರಿ, ಆ ಹಾಳೆಯ ಮಡಿಕೆ ಬಿಚ್ಚಿ ಎಲ್ಲರೆದುರು ಓದಿ, ಬೀದಿಗೆ ಬಂದು ನಿಜವಾಗಿ ಕಲಿಸಿ. ಅದಕ್ಕೂ ಮೊದಲು ನನ್ನ ತಂಗಿಗೆ ಒಂದು ಸಾಲು ಬರೆಯಿರಿ: "ನಿನ್ನ ಅಣ್ಣನಿಗೆ ನಾವು ಏನನ್ನೂ ಹೇಳಿಕೊಟ್ಟಿರಲಿಲ್ಲ." ನಾನು ಹೇಳಿದರೆ ಅವಳು ಇನ್ನು ನಂಬುವುದಿಲ್ಲ.

ಇಂತಿ,
ಓದದೆ ರುಜು ಹಾಕಿ, ತಿಳಿಯದೆ ಕಣ್ಣು ಒರೆಸಿದ
ಒಬ್ಬ ಟಿಂಕರ್