ರೋಜಾ ತೋಟದ ಮೋಟರಿನ ದನಿ

ಭಾನಕ್ಕಾ,

ಇವತ್ತು ಬಾಗಲೂರಿನ ವೆಂಕಟೇಶಪ್ಪನವರು ಸೊಸೆಯನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದರು. ನಾವಿಬ್ಬರೂ ಸೇರಿ ಮಾಡಿದ, ಅವರ ರೋಜಾ ತೋಟದ ಮೋಟರ್ ಪೆಟ್ಟಿಗೆಯನ್ನೂ ಬಿಚ್ಚಿ ತಂದಿದ್ದರು. ಕರೆಂಟು ಬಂದ ಕೂಡಲೇ ಮೋಟರ್ ಹಾಕಿ, ಮನೆಗೆ ಫೋನ್ ಮಾಡಿ, "ಕರೆಂಟ್ ಬಂತು, ಮೋಟರ್ ಹಾಕಿವ್ನಿ" ಎಂದು ನಿನ್ನ ದನಿಯಲ್ಲಿ ಹೇಳುತ್ತದಲ್ಲ, ಅದೇ.

"ಮಗನಿಗೆ ಧರ್ಮಪುರಿ ಕಡೆ ಹೆಣ್ಣು ತಂದಿವ್ನಿ ಕಣಪ್ಪ. ಇನ್ಮೇಲೆ ತೋಟ ಇವಳೇ ನೋಡ್ಕಳೋದು. ಕನ್ನಡ ಬರಾಕಿಲ್ಲ. ತಮಿಳಲ್ಲಿ ಮಾತಾಡಂಗೆ ಮಾಡ್ಕೊಡು," ಎಂದರು.

ಆಗುವುದಿಲ್ಲ ಎನ್ನಬೇಕೆನಿಸಿತು. ಆದರೆ ಪೆಟ್ಟಿಗೆಯ ನಕ್ಷೆಯನ್ನೂ ಪ್ರೋಗ್ರಾಮನ್ನೂ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟವಳು ನೀನು. "ಯಾರ್ಗೆ ಹೆಂಗೆ ಬೇಕೋ ಹಂಗೆ ಬದಲಾಯಿಸ್ಕಳ್ಳಿ ಬಿಡ್ಲಾ," ಎಂದಿದ್ದೆ. ನೀನು ತೀರಿಕೊಂಡ ಮೇಲೂ ಬಂದ ಪೆಟ್ಟಿಗೆಗಳನ್ನೆಲ್ಲ ರಿಪೇರಿ ಮಾಡುತ್ತಲೇ ಇದ್ದೇನೆ. ದನಿಯನ್ನು ಮಾತ್ರ ಮುಟ್ಟಿರಲಿಲ್ಲ.

ಸೊಸೆ ವನಿತಾ ಮೈಕಿನ ಮುಂದೆ ನಾಚಿಕೊಂಡಳು. "ಕರೆಂಟ್ ವಂದಾಚ್ಚು" ಎಂದು ಶುರುಮಾಡಿ ನಕ್ಕುಬಿಟ್ಟಳು. ಆಮೇಲೆ ಸರಿಯಾಗಿ ಹೇಳಿದಳು. ನಿನ್ನ ದನಿ ಅಳಿಸಿ ಅವಳದ್ದನ್ನು ತುಂಬಿದೆ. ಒಂದು ಬಟನ್ ಒತ್ತುವ ಕೆಲಸ. ಮುಗಿದಾಗ ಕಲ್ಲು ಹೊತ್ತಷ್ಟು ಸುಸ್ತಾಗಿತ್ತು.

ಹೊರಡುವಾಗ ವೆಂಕಟೇಶಪ್ಪನವರು ಬಾಗಿಲಲ್ಲಿ ನಿಂತರು.

"ಇಷ್ಟ್ ದಿನ ಮಾತಾಡ್ತಿದ್ದ ಹುಡುಗಿ ಯಾರಪ್ಪ? ನಮ್ಮನೆ ಮಗಳು ಕೂಗ್ದಂಗೆ ಇರ್ತಿತ್ತು. ಸಿಕ್ಕಿದ್ರೆ ನಾನು ಕೇಳ್ದೆ ಅನ್ನು."

"ಅಂತೀನಿ" ಎಂದೆ.

ಮಾದೇಶ